ತಾನಾಗಿಯೇ ಬಿರಿದ ಗಾಜು

ಆ ಊರಿನಲ್ಲಿ ಹೋಗುವವರು ಹಿಂದಿರುಗಿ ನೋಡುವಂತಿರಲಿಲ್ಲ. ಹೋಗುವವರ ಮುಖ ಹೋಗುವ ದಿಕ್ಕಿಗೇ ಇರಬೇಕು. ಕತ್ತು ಹೊರಳಿಸಬಾರದು, ಮೈ ತಿರುಗಿಸಿ ಕೂರಬಾರದು, ಕಿಟಕಿಯಿಂದ ತಲೆ ಹೊರಗೆ ಹಾಕಬಾರದು. ಹೊರಳಿ ನೋಡಿದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಯಾರೂ ಹೊರಳಿ ನೋಡಿರಲಿಲ್ಲ. ಮಗುವಿನ ಕತ್ತು ನಿಂತ ದಿನವೇ ತಾಯಂದಿರು ಅದರ ಗಲ್ಲ ಹಿಡಿದು, "ಮುಂದೆ ನೋಡು ಕಂದ, ಮುಂದೆ ನೋಡು" ಎಂದು ಕಲಿಸಿಬಿಡುತ್ತಿದ್ದರು.

ಹಾಗೆಂದು ಆ ಊರಿನವರಿಗೆ ಹಿಂದೆ ಉಳಿಯುವವರ ಮೇಲೆ ಮಮತೆ ಕಡಿಮೆಯೇನೂ ಇರಲಿಲ್ಲ. ಅದಕ್ಕೇ ಗಾಡಿಗಳಿದ್ದವು. ಪ್ರತಿ ಗಾಡಿಯ ಒಳಗೆ, ಮುಂದುಗಡೆ, ನೆತ್ತಿಯ ಹತ್ತಿರ ಒಂದು ಕನ್ನಡಿ. ಗಾಡಿಯ ಬೆನ್ನಿಗೆ ಒಂದು ಗಾಜು. ಹೋಗುವವರು ಮುಂದೆ ನೋಡುತ್ತಲೇ ಕೂತು ಕನ್ನಡಿಯಲ್ಲಿ ಆ ಹಿಂದಿನ ಗಾಜನ್ನು ಕಾಣುತ್ತಿದ್ದರು. ಗಾಜಿನಲ್ಲಿ ಮನೆ, ಮನೆಯ ಬಾಗಿಲು, ಬಾಗಿಲಲ್ಲಿ ನಿಂತವರು. ಬೀದಿಯ ತಿರುವು ಬರುವ ತನಕ ಅಷ್ಟು ಅವರಿಗೆ ದಕ್ಕುತ್ತಿತ್ತು. ಬೇರೆಲ್ಲೂ ಕನ್ನಡಿ ಇಡುವ ಪದ್ಧತಿ ಇರಲಿಲ್ಲ. ಮನೆಯ ಮಕ್ಕಳು ಊರು ಬಿಡುವಾಗ ಮನೆಯ ಗಾಡಿಯಲ್ಲೇ ಬಿಡಬೇಕು ಎಂಬ ವಾಡಿಕೆಯೂ ಇತ್ತು. ಹಾಗಾಗಿ ಜನ ಹಿಂದಿನ ಗಾಜನ್ನು ದೇವರ ಪಾತ್ರೆ ತೊಳೆದಷ್ಟು ಜತನದಿಂದ ಒರೆಸುತ್ತಿದ್ದರು.

ಗಾಡಿಗಳನ್ನು ಕೊಡುತ್ತಿದ್ದದ್ದು ಊರ ನಡುವಿನ ಗಾಜಿನ ಮನೆ. ಹೊಸ ಗಾಡಿ ಕೊಡುವ ದಿನ ಬಾನೆಟ್ಟಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಆಮೇಲೆ ಗಾಜಿನ ಮನೆಯವರು ಹಿಂದಿನ ಗಾಜಿನ ಮೇಲೆ ಅಂಗೈ ಊರಿ, ನೆರೆದ ಜನಕ್ಕೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು: "ತಾನಾಗಿ ಒಡೆದರೆ ಗಾಜು ನಮ್ಮದು. ಕೈಯಿಂದ ಒಡೆದರೆ ನಿಮ್ಮದು. ಇದು ನಮ್ಮ ಮಾತು." ಈ ಮಾತಿಗೆ ಊರಿನಲ್ಲಿ ವಾರಂಟಿ ಎಂದು ಹೆಸರು. ಮಾತು ಮುಗಿದ ಕೂಡಲೇ ಗಾಡಿ ನಿಂಬೆಹಣ್ಣು ತುಳಿದುಕೊಂಡು ಹೊರಡುತ್ತಿತ್ತು.

ಆ ಊರಿನಲ್ಲಿ ಒಬ್ಬ ಗಾಡಿಯವನಿದ್ದ. ತಮ್ಮದೇ ಗಾಡಿಯಿದ್ದರೂ ಓಡಿಸಲು ಆಳಿಲ್ಲದ ಮನೆಗಳಿಗೆ ಹೋಗಿ, ಊರು ಬಿಡುವವರನ್ನು ಹೊರಗೆ ಕರೆದೊಯ್ದು ಬಿಟ್ಟುಬರುವುದೇ ಅವನ ಕೆಲಸ. ಮದುಮಗಳು, ವರ್ಗವಾದ ಮೇಷ್ಟರು, ದೂರದ ಆಸ್ಪತ್ರೆಗೆ ಹೊರಟ ರೋಗಿ, ಎಲ್ಲರನ್ನೂ ಅವನೇ ಕರೆದೊಯ್ಯುತ್ತಿದ್ದ. ಯಾರು ಹತ್ತಿದರೂ ಅವನು ಮೊದಲು ನೆತ್ತಿಯ ಕನ್ನಡಿಯನ್ನು ಅವರ ಕಡೆಗೆ ವಾಲಿಸುತ್ತಿದ್ದ. ತನ್ನ ಕಣ್ಣು ರಸ್ತೆಯ ಮೇಲೆ, ಕನ್ನಡಿ ಹೋಗುವವರ ಪಾಲಿಗೆ. ಇಷ್ಟು ಕಾಲ ಗಾಡಿ ಓಡಿಸಿದರೂ ಬಾಗಿಲಲ್ಲಿ ನಿಂತವರ ಮುಖವನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ಅವನ ಹೆಂಡತಿಗೆ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಹಿಟ್ಟು ಕಲಸುವಾಗ ಕೈ ಬಿಡುವಿಲ್ಲದ್ದರಿಂದ ಸುಮ್ಮನಿರುತ್ತಿದ್ದಳು, ಕೈ ತೊಳೆದ ಕೂಡಲೇ ಅಷ್ಟೂ ಹೊತ್ತಿನ ಮಾತನ್ನು ಒಟ್ಟಿಗೆ ಆಡಿಬಿಡುತ್ತಿದ್ದಳು. ಅವರ ಒಬ್ಬಳೇ ಮಗಳು ಆ ಕೈಗಳನ್ನು ನೋಡುತ್ತಲೇ ಬೆಳೆದವಳು. ತೊಟ್ಟಿಲಲ್ಲಿದ್ದಾಗ ಅತ್ತರೆ ತಾಯಿಗೆ ಕೇಳುವುದಿಲ್ಲವೆಂದು ಅವಳು ಅಳುವುದಕ್ಕೆ ಮೊದಲು ಕೈ ಆಡಿಸುವುದನ್ನು ಕಲಿತಳು ಎಂದು ನೆರೆಹೊರೆಯವರು ಹೇಳುತ್ತಿದ್ದರು.

ಆ ಮಗಳಿಗೆ ಕಡಲ ದೀಪ ಕಾಯುವ ಕೆಲಸ ಸಿಕ್ಕಿತು. ದೂರದ ದಡದಲ್ಲಿ, ದೋಣಿಗಳಿಗೆ ದಾರಿ ತೋರಿಸುವ ದೀಪ. ಒಮ್ಮೆ ಆ ದೀಪ ಹಿಡಿದವರು, ಅದನ್ನು ಹಿಡಿಯಲು ಇನ್ನೊಬ್ಬರು ಬರುವ ತನಕ ಅಲ್ಲಿಂದ ಕದಲುವಂತಿಲ್ಲ. ಇನ್ನೊಬ್ಬರು ಯಾವಾಗ ಬರುತ್ತಾರೆಂದು ಯಾರೂ ಹೇಳಲಾರರು. ಹುಣ್ಣಿಮೆ ಕಳೆದ ಮಾರನೆಯ ಬೆಳಿಗ್ಗೆ ಹೊರಡುವುದೆಂದು ಗೊತ್ತಾಯಿತು.

ಹುಣ್ಣಿಮೆಗೆ ಇನ್ನೂ ದಿನವಿರುವಾಗಲೇ ಒಂದು ಬೆಳಿಗ್ಗೆ ಹೆಂಡತಿ ಮಗಳ ಟ್ರಂಕನ್ನು ಮನೆಯ ಗಾಡಿಯ ಡಿಕ್ಕಿಯಲ್ಲಿಟ್ಟು ಬಾಗಿಲು ಮುಚ್ಚಿದಳು. ಕಿವಿ ಕೇಳದವಳಾದ್ದರಿಂದ ಅವಳು ಯಾವ ಬಾಗಿಲನ್ನೂ ಬಡಿಯುತ್ತಿರಲಿಲ್ಲ. ಅಂಗೈ ಒತ್ತಿ, ಚಿಲಕ ಕೂತದ್ದು ಕೈಗೆ ತಿಳಿದ ಮೇಲೆ ಬಿಡುವುದು ಅವಳ ರೂಢಿ. ಅದೇ ಮಧ್ಯಾಹ್ನ ಗಾಡಿಯವನು ಹೊಂಗೆಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡು, ಮುಂದಿನ ಸೀಟಿನಲ್ಲಿ ಕೂತು ಮೊಸರನ್ನ ಉಣ್ಣುತ್ತಿದ್ದ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಎಲೆ ಸಹ ಅಲ್ಲಾಡುತ್ತಿರಲಿಲ್ಲ. ಆಗ ಹಿಂದಿನಿಂದ ನೆಟಿಕೆ ಮುರಿದಂಥ ಒಂದು ಸಣ್ಣ ಸದ್ದು ಬಂತು. ಅವನು ಇಳಿದು ಹೋಗಿ ನೋಡಿದರೆ ಹಿಂದಿನ ಗಾಜಿನ ಮೂಲೆಯಿಂದ ಕೂದಲೆಳೆಯಂಥ ಒಂದು ಬಿರುಕು ಎದ್ದು ನಿಂತಿತ್ತು.

ಅವನಿಗೆ ಭಯವೇನೂ ಆಗಲಿಲ್ಲ. ತಾನಾಗಿ ಒಡೆದಿದೆ. ಮಾತು ಕೊಟ್ಟವರಿದ್ದಾರೆ. ಉಂಡ ಎಲೆ ಎಸೆದು, ಕೈ ತೊಳೆದುಕೊಂಡು ನೇರ ಗಾಜಿನ ಮನೆಗೆ ಗಾಡಿ ಬಿಟ್ಟ.

ಗಾಜಿನ ಮನೆಯ ಒಳಗೆ ತಣ್ಣಗಿತ್ತು. ಎದುರುಮೇಜಿನಲ್ಲಿ ಮಲ್ಲಿಗೆ ಮುಡಿದ ಒಬ್ಬ ಹೆಂಗಸು ಕೂತಿದ್ದಳು.

"ಏನಾಗ್ಬೇಕಿತ್ತಣ್ಣ?"

"ಹಿಂದಿನ ಗಾಜು ಬಿರಿದಿದೆಯಮ್ಮ."

"ಒಡೆದ್ರಾ?"

"ಒಡೆದಿಲ್ಲ. ಬಿರಿದಿದೆ."

"ಅದೇ ಅಣ್ಣ, ಯಾರು ಒಡೆದ್ರು?"

"ಯಾರೂ ಒಡೆದಿಲ್ಲ ಕಣಮ್ಮ. ತಾನಾಗೇ ಬಿರೀತು. ನಾನು ಅಲ್ಲೇ ಕೂತಿದ್ದೆ."

ಅವಳು ಮುಗುಳ್ನಕ್ಕು ಕುರ್ಚಿ ತೋರಿಸಿದಳು. "ಕೂತ್ಕೊಳ್ಳಿ. ಮಾತು ಕೊಟ್ಟಿದ್ದೀವಿ, ಮಾತು ತಪ್ಪೋದಿಲ್ಲ."

ಸ್ವಲ್ಪ ಹೊತ್ತಿಗೆ ಬಿರುಕು ನೋಡುವವನು ಬಂದ. ಬಿಳಿಯ ಅಂಗಿ, ಬಿಳಿಯ ಕೈಗವಸು. ಅವನು ಗಾಡಿಯ ಹಿಂದೆ ನಿಂತು ಕಣ್ಣು ಮುಚ್ಚಿದ. ಬಲಗೈಯ ಗವಸು ಕಳಚಿದ. ತೋರುಬೆರಳನ್ನು ಬಿರುಕಿನ ಮೇಲಿಟ್ಟು ಮೆಲ್ಲಗೆ ಮೇಲಕ್ಕೆ ಎಳೆದ, ಮೆಲ್ಲಗೆ ಕೆಳಕ್ಕೆ ಎಳೆದ. ಅನಂತರ ಬೆರಳನ್ನು ಕಿವಿಯ ಹತ್ತಿರ ಹಿಡಿದುಕೊಂಡು ನಿಂತ. ಗಾಡಿಯವನೂ ಉಸಿರು ಬಿಗಿಹಿಡಿದು ನಿಂತ.

"ಡಿಕ್ಕಿ ಕೊನೇಲಿ ಮುಚ್ಚಿದ್ದು ಯಾರು?" ಬಿರುಕು ನೋಡುವವನು ಕಣ್ಣು ತೆರೆಯದೆಯೇ ಕೇಳಿದ.

"ನಮ್ಮ ಮನೆಯವಳು ಸ್ವಾಮಿ. ಬೆಳಿಗ್ಗೆ ಮುಚ್ಚಿದ್ದು. ಬಿರಿದದ್ದು ಮಧ್ಯಾಹ್ನ."

"ಒಳ್ಳೇದು," ಎಂದ ಅವನು, ಕೈಗವಸು ಹಾಕಿಕೊಂಡು. "ಮೇಲಿನವರು ನೋಡಬೇಕು. ನಾಳೆ ಬನ್ನಿ. ಬಿರುಕನ್ನ ಯಾರೂ ಮುಟ್ಟಬೇಡಿ. ಬೇರೆ ಕೈ ತಾಗಿದ್ರೆ ನಮ್ಮ ಮಾತು ಅಲ್ಲಿಗೇ ಬಿದ್ದುಹೋಗತ್ತೆ."

ಮಾರನೆಯ ದಿನ ಹೋದಾಗ ಗಾಡಿಗೆ ಧೂಳು ಹಿಡಿದಿದೆ, ತೊಳೆದು ತನ್ನಿ ಎಂದರು. ತೊಳೆದು ತಂದಾಗ ಧೂಳಿನಲ್ಲಿ ಗುರುತುಗಳಿದ್ದವು, ತೊಳೆದುಬಿಟ್ಟಿರಲ್ಲ ಎಂದರು. ಬಿಸಿಲಿಗೆ ಬಿರಿದಿರಬಹುದೇ ಎಂದು ಕೇಳಿದ್ದಕ್ಕೆ ನಮ್ಮ ಗಾಜು ಬಿಸಿಲಿಗೆ ಬಿರಿಯುವುದಿಲ್ಲ ಎಂದರು. ನೆರಳಿನಲ್ಲೇ ನಿಂತಿತ್ತು ಎಂದದ್ದಕ್ಕೆ, ಹಾಗಾದರೆ ಮರದಿಂದ ಕಾಯಿ ಬಿದ್ದಿರಬೇಕು ಎಂದರು. ಪ್ರತಿ ಸಲವೂ ಬಿರುಕು ನೋಡುವವನು ಬಂದು ಕಣ್ಣು ಮುಚ್ಚುತ್ತಿದ್ದ, ಕೈಗವಸು ಕಳಚುತ್ತಿದ್ದ, ಬೆರಳೆಳೆಯುತ್ತಿದ್ದ. ಪ್ರತಿ ಸಲವೂ ಮಲ್ಲಿಗೆಯ ಹೆಂಗಸು ನೀರು ಕೊಟ್ಟು, "ಮಾತು ಕೊಟ್ಟಿದ್ದೀವಿ, ಮಾತು ತಪ್ಪೋದಿಲ್ಲ" ಎನ್ನುತ್ತಿದ್ದಳು. ಬಿರುಕು ಮಾತ್ರ ಯಾರನ್ನೂ ಕಾಯಲಿಲ್ಲ. ಒಂದಿದ್ದದ್ದು ಕವಲೊಡೆಯಿತು, ಕವಲುಗಳಿಗೆ ಕವಲು ಬಂತು, ಜೇಡ ಬಲೆ ನೇಯ್ದ ಹಾಗೆ ಗಾಜಿನ ತುಂಬ ಹರಡಿತು.

ಕಾಯುವ ಕುರ್ಚಿಗಳಲ್ಲಿ ಅವನ ಪಕ್ಕ ಒಬ್ಬ ಮುದುಕ ದಿನವೂ ಇರುತ್ತಿದ್ದ. ಮನೆಯಿಂದ ಟಿಫನ್ ಕ್ಯಾರಿಯರ್ ತಂದು ಅಲ್ಲೇ ಉಂಡು, ಅಲ್ಲೇ ತೂಕಡಿಸುತ್ತಿದ್ದ.

"ನಿಮ್ಮದೂ ಗಾಜೇನಾ ಯಜಮಾನ್ರೆ?" ಎಂದು ಗಾಡಿಯವನು ಒಂದು ದಿನ ಕೇಳಿದ.

"ಹೂಂ ಕಣಪ್ಪ."

"ಗಾಡಿ ಹೊರಗೆ ಕಾಣಿಸ್ತಿಲ್ವಲ್ಲ?"

"ಗಾಡಿ ಎಲ್ಲಿದೆ ಈಗ? ತುಕ್ಕು ಹಿಡಿದು ಮಣ್ಣಾಗಿ ಎಷ್ಟೋ ಕಾಲವಾಯ್ತು." ಮುದುಕ ಕ್ಯಾರಿಯರಿನ ಮುಚ್ಚಳ ಬಿಗಿಮಾಡಿದ. "ಆದ್ರೂ ಮಾತು ಕೊಟ್ಟಿದ್ದಾರಲ್ಲ. ಬಿಟ್ಟು ಹೋಗೋಕಾಗತ್ಯೇ? ಇವತ್ತು ಎದ್ದು ಹೋದ್ರೆ ಇವತ್ತೇ ಕರೆದುಬಿಟ್ರೆ?"

ಗಾಡಿಯವನು ಕುರ್ಚಿ ಸುಟ್ಟಂತಾಗಿ ಎದ್ದು ನಿಂತ. ಸೀದಾ ಎದುರುಮೇಜಿಗೆ ಹೋಗಿ, ಅಂಗೈಯಿಂದ ಮೇಜನ್ನು ಕುಟ್ಟಿದ.

"ಏನಮ್ಮ ಇದು! ಹುಣ್ಣಿಮೆ ಬಂತು. ಮಗಳು ಹೊರಡ್ತಾಳೆ. ಅವಳ ತಾಯಿ ಮಾತಾಡೋದು ಕೈಯಲ್ಲಿ. ಆ ಗಾಜಲ್ಲಿ ಈಗ ಒಂದು ಕೈ ನೂರು ತುಂಡಾಗಿ ಕಾಣ್ಸತ್ತೆ. ಅವಳು ಹೇಳಿದ್ದು ಇವಳಿಗೆ ಹೇಗಮ್ಮ ತಿಳಿಯೋದು? ತಾನಾಗಿ ಒಡೆದರೆ ನಮ್ಮದು ಅಂತ ಊರೆಲ್ಲ ಕೇಳೋ ಹಾಗೆ ಹೇಳಿದವರು ನೀವೇ ತಾನೆ?"

ಹೆಂಗಸು ಬೇಸರ ಮಾಡಿಕೊಳ್ಳಲಿಲ್ಲ. ಬಿರುಕು ನೋಡುವವನನ್ನು ಕರೆಸಿದಳು. ಅವನು ಬಂದು ಕೇಳಿದ, "ಬಿರಿದಾಗ ಹತ್ತಿರ ಯಾರಿದ್ರು?"

"ಯಾರೂ ಇರಲಿಲ್ಲ. ಅದಕ್ಕೇ ತಾನಾಗಿ ಬಿರೀತು ಅಂತಿರೋದು."

"ಯಾರೂ ಇರಲಿಲ್ಲ ಅನ್ನೋದನ್ನ ನೋಡಿದವರು ಯಾರಾದ್ರೂ ಬೇಕಲ್ಲ."

ಗಾಡಿಯವನು ತನ್ನ ಹೆಂಡತಿಯ ಹಾಗೆ ಕೈಗಳನ್ನಷ್ಟೇ ಮೇಲೆತ್ತಿದ. 

ಬಿರುಕು ನೋಡುವವನು ಹೊರಟುಹೋದ ಮೇಲೆ ಹೆಂಗಸು ಮೇಜಿನ ಮೇಲೆ ಬಾಗಿ ಮೆತ್ತಗೆ ಹೇಳಿದಳು. "ಅಣ್ಣ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಗಾಜು ಕೊಡೋದು ನಮಗೇನು ಕಷ್ಟವಲ್ಲ, ಗೋದಾಮಿನ ತುಂಬ ಇದೆ. ತಾನಾಗಿ ಒಡೀತು ಅಂದ್ರೆ ನಮ್ಮ ಗಾಜು ಕೆಟ್ಟದ್ದು ಅಂದ ಹಾಗಾಗತ್ತೆ. ಅದನ್ನ ಮೇಲಿನವರು ಒಪ್ಪಬೇಕು. ಅವರು ಯಾವಾಗ ಒಪ್ತಾರೋ. ಕೈಯಿಂದ ಒಡೀತು ಅಂದ್ಬಿಡಿ. ಒಡೆದದ್ದು ನಿಮ್ಮದು ಅನ್ನೋದು ಮಾತು, ನಿಜ. ಆದರೆ ತಪ್ಪೊಪ್ಪಿಕೊಂಡವರಿಗೆ ನಾವು ಮಾಫಿ ಗಾಜು ಅಂತ ಕೊಡ್ತೀವಿ. ಈ ಸಂಜೇನೇ ಹಾಕಿಸ್ಕೊಂಡು ಹೋಗಿ."

"ಹಂಗಾದ್ರೆ ನಾನೇ ಒಡೆದೆ ಅಂತ ಬರ್ಕೊಳ್ಳಿ. ಮುಗೀತಲ್ಲ!"

"ನೀವು ಹೇಗೆ ಒಡೀತೀರಿ? ಮೊದಲನೇ ದಿನವೇ ಹೇಳಿದ್ದೀರಲ್ಲ, ಡಿಕ್ಕಿ ಮುಚ್ಚಿದ್ದು ನಿಮ್ಮ ಮನೆಯವರು ಅಂತ. ಅವರ ಹೆಸರು ಹೇಳ್ಬೇಕು. ಚೌಕದಲ್ಲಿ ಗಂಟೆ ಹೊಡೆದು ಒಂದು ಸಲ ಕೂಗ್ತಾರೆ, ಇಂಥವರು ಒಡೆದ್ರು ಅಂತ. ಅಷ್ಟೇ." ಅವಳು ಇನ್ನೂ ಮೆತ್ತಗಾದಳು. "ಅವರಿಗೆ ಹೇಗೂ ಕಿವಿ ಕೇಳೋದಿಲ್ಲವಲ್ಲ ಅಣ್ಣ. ಎದುರು ಮಾತಾಡೋಕೂ ಬರೋದಿಲ್ಲ."

 ಒಂದು ಕ್ಷಣ, ಒಂದೇ ಕ್ಷಣ, ಅದು ಎಷ್ಟು ಸುಲಭ ಎಂದು ಅವನಿಗೆ ಅನ್ನಿಸದೆ ಇರಲಿಲ್ಲ. ಹೊಸ ಗಾಜು ಹಾಕಿದ ಗಾಡಿ ಕಣ್ಣಿಗೆ ಬಂತು. ಅದರಲ್ಲಿ ಇಡಿಯಾಗಿ ಕಾಣುವ ಎರಡು ಕೈಗಳೂ ಬಂದವು. ಆಮೇಲೆ, ಆ ಕೈಗಳು ಡಿಕ್ಕಿಯ ಬಾಗಿಲ ಮೇಲೆ ಅಂಗೈ ಒತ್ತಿ ಚಿಲಕ ಕೂರುವುದನ್ನು ಕಾಯುತ್ತಿದ್ದದ್ದು ನೆನಪಾಯಿತು.

"ಅವಳು ಒಡೆದಿಲ್ಲ," ಎಂದಷ್ಟೇ ಹೇಳಿ ಹೊರಗೆ ಬಂದ.

ಹೊರಗೆ ಬಂದವನು ಗಾಡಿಯ ಚಕ್ರಕ್ಕೆ ಒದ್ದ. ಕಾಲು ನೊಂದಿತು. ಮತ್ತೆ ಒದ್ದ.

ಮನೆಗೆ ಹೋದಾಗ ಹೆಂಡತಿ ಅಂಗಳದಲ್ಲಿ ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದಳು. ಅವನ ಮುಖ ನೋಡಿದ ಕೂಡಲೇ ಜಡೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಎರಡೂ ಕೈ ಬಿಡಿಸಿಕೊಂಡು ಕೇಳಿದಳು: ಏನಾಯ್ತು?

ಏನಿಲ್ಲ ಎಂದು ಅವನು ಕೈಯಾಡಿಸಿದ. ಸುಳ್ಳು ಹೇಳುವ ಕೈ ಅವಳಿಗೆ ಗೊತ್ತಾಗದೆ ಇರುತ್ತದೆಯೇ. ಜಡೆ ಬಿಟ್ಟು ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು. ಅವನು ಹೇಳಲೇಬೇಕಾಯಿತು. ಹೇಳುತ್ತ ಹೇಳುತ್ತ ಅವನ ಸಿಟ್ಟೆಲ್ಲ ಬೆರಳುಗಳಿಗೆ ಇಳಿದು, ಕೈ ಜೋರಾಗಿ ಬೀಸತೊಡಗಿತು. ನಿನ್ನ ಹೆಸರು ಹೇಳಬೇಕಂತೆ. ಚೌಕದಲ್ಲಿ ಕೂಗುತ್ತಾರಂತೆ. ನಿನಗೆ ಕೇಳುವುದಿಲ್ಲವಂತೆ.

ಅಂಗಳದಲ್ಲಿ ಕೂತಲ್ಲಿಂದಲೇ ಮಗಳು ಎಲ್ಲವನ್ನೂ ನೋಡಿದಳು. "ಅಪ್ಪ, ಬಿಟ್ಟುಬಿಡು. ಬಿರುಕಿನಲ್ಲೇ ನೋಡ್ಕೊಂಡು ಹೋಗ್ತೀನಿ," ಎಂದಳು. ಅದನ್ನೇ ತಾಯಿಗೆ ಕೈಯಲ್ಲೂ ಹೇಳಿದಳು.

ಹೆಂಡತಿ ಹೋಗಿ ಕೂತು ಜಡೆಯನ್ನು ಮೊದಲಿನಿಂದ ಹಾಕಿದಳು.

ಬೆಳಗಾಯಿತು. ನೆರೆಹೊರೆಯವರು ಬೀದಿಯಲ್ಲಿ ಸೇರಿದರು. ಮಗಳು ಹೊಸ್ತಿಲಿಗೆ ಕೈಮುಗಿದು, ತಾಯಿಯ ಕಾಲು ಮುಟ್ಟಿ, ಹಿಂದಿನ ಸೀಟಿನಲ್ಲಿ ಕೂತಳು. ಗಾಡಿಯವನು ತನ್ನ ಜಾಗದಲ್ಲಿ ಕೂತು ಕನ್ನಡಿಯನ್ನು ಮಗಳ ಕಡೆಗೆ ವಾಲಿಸಿದ. ಇಗ್ನಿಷನ್‌ಗೆ ಕೈ ಹಾಕಿದ.

"ತಾಳು ಅಪ್ಪ," ಎಂದಳು ಮಗಳು. "ಅಮ್ಮ ಒಳಗೆ ಹೋದ್ಲು."

ಹೆಂಡತಿ ಅಡುಗೆಮನೆಯಿಂದ ಹೊರಬಂದಳು. ಕೈಯಲ್ಲಿ ಕುಟ್ಟಾಣಿಯ ಕಲ್ಲು. ಇನ್ನೊಂದು ಕೈಯಲ್ಲಿ ಕಂಬಳಿ. ಅವಳು ಗಾಡಿಯ ಬಾಗಿಲು ತೆರೆದು ಮಗಳ ತಲೆಯಿಂದ ಸೊಂಟದವರೆಗೆ ಕಂಬಳಿ ಹೊದಿಸಿದಳು, ಸೀಟಿನ ಬೆನ್ನಿನ ಮೇಲೂ ಎಳೆದು ಸರಿಪಡಿಸಿದಳು. ಬಾಗಿಲನ್ನು ಅಂಗೈ ಒತ್ತಿ ಮುಚ್ಚಿದಳು. ಅನಂತರ ಹಿಂದಕ್ಕೆ ಹೋಗಿ ಕಾಲು ಅಗಲಿಸಿ ನಿಂತು, ಕಲ್ಲನ್ನು ಎತ್ತಿ ಗಾಜಿನ ನಟ್ಟನಡುವೆ ಹಾಕಿದಳು.

ನೆರೆಯವರೆಲ್ಲ ಒಟ್ಟಿಗೆ ಕೂಗಿಕೊಂಡರು. ಗಾಜು ಕಲ್ಲುಸಕ್ಕರೆಯ ಹಾಗೆ ಉದುರಿತು. ಗಾಡಿಯವನು ಇಳಿದು ಓಡಿ ಬಂದ. "ಏ! ಏನ್ ಮಾಡ್ದೆ ನೀನು!" ಎಂದು ಬಾಯಲ್ಲೇ ಕೂಗಿದ, ಅವಳಿಗೆ ಕೇಳುವುದಿಲ್ಲವೆಂಬುದನ್ನೂ ಮರೆತು. ಹಿಂದಿನ ಗಾಜಿಲ್ಲದ ಗಾಡಿ ಊರಬಾಗಿಲು ದಾಟಿ ಹೊರಗೆ ಹೋಗಬಹುದು, ಒಳಗೆ ಬರುವ ಹಾಗಿಲ್ಲ. ಮನೆಗಿದ್ದದ್ದು ಅದೊಂದು ಗಾಡಿ.

ಅವಳು ಕಲ್ಲನ್ನು ಕೆಳಗಿಟ್ಟು, ಸೆರಗಿನಿಂದ ಅಂಚಿನ ಚೂರುಗಳನ್ನೆಲ್ಲ ಕೊಡವಿ ತೆಗೆದಳು. ಆಮೇಲೆ ಊರವರೆಲ್ಲ ಕಾಣುವ ಹಾಗೆ ಎದೆಯ ಮೇಲೆ ಅಂಗೈ ಬಡಿದುಕೊಂಡು, ಒಂದೊಂದಾಗಿ, ಕೈ ಮಾತು ತಿಳಿಯದವರಿಗೂ ತಿಳಿಯುವ ಹಾಗೆ ಹೇಳಿದಳು: ನಾನು. ನಾನೇ ಒಡೆದೆ. ಹೋಗಿ ಕೂಗಲಿ.

ಗಾಡಿಯವನು ಅವಳನ್ನೇ ನೋಡುತ್ತ ನಿಂತ. ಅವಳ ಒಂದು ಬೆರಳಲ್ಲಿ ರಕ್ತ ಬಂದಿತ್ತು. ಅವನು ತನ್ನ ಕರ್ಚೀಫು ಹರಿದು ಆ ಬೆರಳಿಗೆ ಕಟ್ಟಿದ. ಅವಳು ಅವನನ್ನು ಭುಜ ಹಿಡಿದು ತಿರುಗಿಸಿ, ಗಾಡಿಯ ಕಡೆಗೆ ನೂಕಿದಳು.

ಗಾಡಿ ಹೊರಟಿತು.

ಕಂಬಳಿ ಸರಿಸಿ ಮಗಳು ಕನ್ನಡಿಯಲ್ಲಿ ನೋಡಿದಳು. ಹಿಂದುಗಡೆ ಈಗ ಬರೀ ಬೆಳಕು. ಬೆಳಕಿನ ನಡುವೆ ಬಾಗಿಲು, ಬಾಗಿಲಲ್ಲಿ ತಾಯಿ, ತಾಯಿಯ ಎರಡು ಕೈಗಳು.

"ಏನಂತಿದ್ದಾಳೆ?" ಎಂದು ಗಾಡಿಯವನು ಕೇಳಿದ, ಕಣ್ಣನ್ನು ರಸ್ತೆಯಿಂದ ಕೀಳದೆ.

"ತಲೆಗೆ ಎಣ್ಣೆ ಹಚ್ಚೋದನ್ನ ಬಿಡಬೇಡ ಅಂತಿದ್ದಾಳೆ. ಕಡಲಗಾಳಿಗೆ ಕೂದಲು ಹೆಣೆದುಕೊಳ್ಳತ್ತೆ ಅಂತ." ಮಗಳು ಕನ್ನಡಿಯತ್ತ ಇನ್ನಷ್ಟು ಬಾಗಿದಳು. "ಟ್ರಂಕಲ್ಲಿ ಕೆಳಗಡೆ ಚಕ್ಲಿ ಇಟ್ಟಿದ್ದಾಳಂತೆ. ಮೆತ್ತಗಾಗೋದ್ರೊಳಗೆ ತಿನ್ನು ಅಂತಾಳೆ. ಅಪ್ಪ... ಗಾಜು ಒಡೆದದ್ದಕ್ಕೆ ಅಪ್ಪನಿಗೆ ಸಿಟ್ಟಿದೆ, ದಾರೀಲಿ ಸಮಾಧಾನ ಮಾಡು ಅಂತಿದ್ದಾಳೆ."

ಅವನಿಗೆ ನಗು ಬಂದು, ಆ ನಗು ಅರ್ಧಕ್ಕೇ ನಿಂತಿತು.

ಮುಖ ಮುಂದಿಟ್ಟುಕೊಂಡೇ ಮಗಳು ಎರಡೂ ಕೈಗಳನ್ನು ತಲೆಗಿಂತ ಮೇಲೆ ಎತ್ತಿದಳು. ಗಾಜಿದ್ದಿದ್ದರೆ ಹೊರಗೆ ನಿಂತವರಿಗೆ ಅದರಲ್ಲಿ ಆಕಾಶವಷ್ಟೇ ಕಾಣುತ್ತಿತ್ತು. ಬಾಗಿಲಲ್ಲಿ ನಿಂತವರು ನೋಡಿಸಿಕೊಳ್ಳುವುದಷ್ಟೇ ಆ ಊರಿನಲ್ಲಿ ಇದ್ದದ್ದು. ಹೋಗುವವರನ್ನು ಅವರು ಕಾಣುವ ಹಾಗಿರಲಿಲ್ಲ. ಈಗ ಆ ತೆರೆದ ಜಾಗದಲ್ಲಿ ತಾಯಿಗೆ ಮಗಳ ಕೈಗಳು ಕಂಡವು. ಮಗಳು ಕೇಳಿದಳು, ತಾಯಿ ಉತ್ತರಿಸಿದಳು. ತಾಯಿ ಗದರಿದಳು, ಮಗಳು ಎದುರಾಡಿದಳು. ಬೀದಿ ತಿರುಗುವ ತನಕ ಅವರಿಬ್ಬರೂ ಮಾತಾಡಿಕೊಂಡರು. ಗಾಡಿಯವನು ಎಂದೂ ಓಡಿಸದಷ್ಟು ಮೆಲ್ಲಗೆ ಗಾಡಿ ಓಡಿಸಿದ.

ದಡದಲ್ಲಿ ಮಗಳನ್ನು ಬಿಟ್ಟು, ಊರಬಾಗಿಲ ಹೊರಗೆ ಬೇವಿನಮರದ ಕೆಳಗೆ ಗಾಡಿ ನಿಲ್ಲಿಸಿ, ಅವನು ನಡೆದುಕೊಂಡು ಮನೆಗೆ ಬಂದ. ಅಂಗಳದಲ್ಲಿ ಗಾಜಿನ ಮನೆಯ ಆ ಮಲ್ಲಿಗೆಯ ಹೆಂಗಸು ನಿಂತಿದ್ದಳು. ಅವಳ ಹಿಂದೆ ಇಬ್ಬರು ಆಳುಗಳು ಹೊಳೆಯುವ ಹೊಸ ಗಾಜೊಂದನ್ನು ಹಿಡಿದುಕೊಂಡಿದ್ದರು.

"ಮೇಲಿನವರು ಒಪ್ಪಿದ್ರು ಅಣ್ಣ!" ಎಂದಳು ಅವಳು, ನಿಜವಾಗಿಯೂ ಖುಷಿಯಿಂದ. "ತಾನಾಗೇ ಬಿರಿದದ್ದು ಅಂತ. ಹೇಳಿದ್ನಲ್ಲ, ಮಾತು ತಪ್ಪೋದಿಲ್ಲ ಅಂತ. ಹಳೇ ಗಾಜು ಬಿರುಕಿನ ಸಮೇತ ಕೊಟ್ಟುಬಿಡಿ, ಇದನ್ನ ಹಾಕಿಸಿಕೊಡ್ತೀವಿ."

ಗಾಡಿಯವನು ಅಂಗಳದ ಮೂಲೆಯಲ್ಲಿ ಗುಡಿಸಿಟ್ಟಿದ್ದ ಚೂರುಗಳ ರಾಶಿ ತೋರಿಸಿದ.

ಅವಳ ಮುಖ ಇಳಿದುಹೋಯಿತು. "ಅಯ್ಯೋ, ಇದರಲ್ಲಿ ಬಿರುಕು ಯಾವುದು ಅಂತ ಹುಡುಕೋದು? ಯಾರು ಒಡೆದ್ರು?"

ಕಟ್ಟೆಯ ಮೇಲೆ ಕೂತಿದ್ದ ಹೆಂಡತಿಗೆ ಆ ಪ್ರಶ್ನೆ ಕೇಳಿಸಲಿಲ್ಲ, ಆದರೆ ತಿಳಿಯಿತು. ಬಟ್ಟೆ ಕಟ್ಟಿದ ಬೆರಳಿನ ಕೈಯನ್ನು ಮೇಲೆತ್ತಿದಳು.

ಆಳುಗಳು ಹೊಸ ಗಾಜನ್ನು ಹಿಡಿದುಕೊಂಡು ಬಂದ ದಾರಿಯಲ್ಲೇ ಹೋದರು. ಗಾಡಿಯವನು ಅವರು ಹೋಗುವ ತನಕ ಹಲ್ಲು ಕಚ್ಚಿಕೊಂಡು ನಿಂತಿದ್ದ. ಒಂದು ದಿನ ಮೊದಲು ಬಂದಿದ್ದರೆ. ಅಥವಾ ಬರದೆಯೇ ಇದ್ದಿದ್ದರೆ. ಕೂಗಬೇಕೆನಿಸಿತು, ಯಾರನ್ನು ಕೂಗುವುದೆಂದು ತಿಳಿಯಲಿಲ್ಲ. ಬಂದು ಕಟ್ಟೆಯ ಮೇಲೆ ಹೆಂಡತಿಯ ಪಕ್ಕ ಕುಸಿದು ಕೂತ.

ಅವಳು ಗಾಜಿನ ಮಾತೆತ್ತಲಿಲ್ಲ. ಗಾಡಿ ಎಲ್ಲಿ, ನಾಳೆ ಏನು ಎಂದೂ ಕೇಳಲಿಲ್ಲ. ಅವನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು, ಇಡೀ ದಿನ ಕಾದಿಟ್ಟುಕೊಂಡಿದ್ದ ಒಂದೇ ಒಂದು ಪ್ರಶ್ನೆ ಕೇಳಿದಳು. ತಿರುವು ದಾಟಿದ ಮೇಲೆ ನನಗೆ ಕಾಣಲಿಲ್ಲ. ಆಮೇಲೆ ಅವಳು ಏನೆಂದಳು?

ಗಾಡಿ ಓಡಿಸುವಾಗ ಅವನ ಕಣ್ಣು ರಸ್ತೆಯ ಮೇಲೇ ಇತ್ತು. ಕನ್ನಡಿ ಮಗಳ ಕಡೆಗೇ ವಾಲಿತ್ತು. ಅವನು ನೋಡಿರಲಿಲ್ಲ. ಆದರೂ ತಿರುವು ದಾಟಿದ ಮೇಲೆ, ಊರಬಾಗಿಲು ದಾಟಿದ ಮೇಲೆ, ಬಯಲು ರಸ್ತೆಯ ಉದ್ದಕ್ಕೂ ಹಿಂದಿನ ಸೀಟಿನಲ್ಲಿ ಬಳೆಗಳ ಸದ್ದು ನಿಂತಿರಲಿಲ್ಲ.

ಮಾತಾಡ್ತಾನೇ ಇದ್ದಳು, ಎಂದು ಅವನು ಕೈಯಲ್ಲಿ ಹೇಳಿದ. ಕಡಲು ಕಾಣುವ ತನಕ.